ಊಟಕ್ಕೆ ಕರೆಯುವ ಮಂತ್ರ

ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ಅಕ್ಕನ ಜಡೆ, ಹಾಸ್ಟೆಲ್ ಗೆಳತಿಯ ದುಂಡು ಅಕ್ಷರ, ಎದುರುಮನೆಯವರ ದಾಸವಾಳ, ಒಂದೊಂದು ಕಾಲಕ್ಕೆ ಒಂದೊಂದರ ಮೇಲೆ ಉರಿದುಕೊಂಡಿದ್ದೇನೆ. ಆದರೆ ಕಟ್ಟಿಕೊಂಡ ಗಂಡನ ಮೇಲೆ, ಅದೂ ಒಂದು ಮಂತ್ರದ ಸಲುವಾಗಿ, ಹೊಟ್ಟೆ ಉರಿಸಿಕೊಳ್ಳುತ್ತೇನೆ ಅಂತ ಯಾರಾದರೂ ಮೊದಲೇ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಮಂತ್ರ ಅಂದರೆ ನಿಂಬೆಹಣ್ಣು ಕುಂಕುಮದ ಮಂತ್ರವಲ್ಲ, ಆಟದ ಮಂತ್ರ. ಮೇಜಿನ ಸುತ್ತ ಕೂತು ಆಡುವ ಆಟ ಅದು. ಒಬ್ಬರು ಕಥೆ ನಡೆಸುತ್ತಾರೆ: ನೀವೀಗ ಗುಡ್ಡದ ಬುಡಕ್ಕೆ ಬಂದಿದ್ದೀರಿ, ಬಂಡೆಯ ಹಿಂದಿನಿಂದ ತೋಳಗಳು ಹೊರಗೆ ಬರುತ್ತಿವೆ, ಏನು ಮಾಡುತ್ತೀರಿ? ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರ. ಒಬ್ಬ ಕತ್ತಿ ಹಿಡಿದವನು, ಇನ್ನೊಬ್ಬಳು ಮಂತ್ರವಾದಿ, ಮತ್ತೊಬ್ಬ ಗಾಯ ವಾಸಿ ಮಾಡುವವನು. ತಾನು ಏನು ಮಾಡುತ್ತೇನೆ ಅಂತ ಬಾಯಲ್ಲಿ ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ಅನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಫಾರ್ಮಸಿ ಓದುವಾಗ ಹಾಸ್ಟೆಲಿನಲ್ಲಿ ಕಲಿತದ್ದು. ಓದು ಮುಗಿಸಿ ಹೊಳಲ್ಕೆರೆಗೆ ಬಂದು ಮೆಡಿಕಲ್ ಶಾಪ್ ಹಾಕಿದೆ, ಮದುವೆಯಾಯಿತು, ಆಟ ಮಾತ್ರ ಬಿಡಲಿಲ್ಲ.

ಭಾನುವಾರ ಮಧ್ಯಾಹ್ನ ನಾವು ಚಿತ್ರದುರ್ಗದಲ್ಲಿ ಸೇರುತ್ತೇವೆ. ನನ್ನ ಚಿಕ್ಕಪ್ಪನ ಮಗ ಅಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಾನೆ, ಭಾನುವಾರ ಅದಕ್ಕೆ ರಜೆ. ಕಲಿಯಲು ಬಂದವರಿಗೆ ರಸ್ತೆ ನಿಯಮ ತೋರಿಸಲು ಅವನ ಆಫೀಸಿನಲ್ಲಿ ಒಂದು ದೊಡ್ಡ ಹಲಗೆ ಇದೆ. ಅದರ ಮೇಲೆ ನಾಲ್ಕು ರಸ್ತೆ ಕೂಡುವ ಸರ್ಕಲ್ಲು, ಸಿಗ್ನಲ್ಲು, ಬಿಳಿ ಪಟ್ಟೆ, ಅಂಗೈಯಗಲದ ಆಟಿಕೆ ಕಾರುಗಳು. ನಮ್ಮ ಯುದ್ಧಗಳೆಲ್ಲ ನಡೆಯುವುದು ಆ ಹಲಗೆಯ ಮೇಲೆಯೇ. ಎಷ್ಟು ರಾಕ್ಷಸರು ಆ ಜೀಬ್ರಾ ಪಟ್ಟೆಯ ಮೇಲೆ ಸತ್ತಿದ್ದಾರೋ ಲೆಕ್ಕವಿಲ್ಲ. ಕೆಂಪು ಕಾರು ಬಂದರೆ ಡ್ರ್ಯಾಗನ್ ಬಂತು ಅಂತ ಅರ್ಥ.

ಈ ತಮ್ಮನನ್ನು ಬಿಟ್ಟರೆ ಇನ್ನಿಬ್ಬರು. ಹಿರಿಯೂರಿನಲ್ಲಿ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವ ನನ್ನ ಹಾಸ್ಟೆಲ್ ಗೆಳತಿ, ದುಂಡು ಅಕ್ಷರದವಳು. ಆಟದಲ್ಲಿ ಅವಳು ಮಂತ್ರವಾದಿ. ಇನ್ನೊಬ್ಬರು ಹೊಸದುರ್ಗದ ಹೈಸ್ಕೂಲ್ ಮೇಷ್ಟ್ರು, ನಮ್ಮೆಲ್ಲರಿಗಿಂತ ದೊಡ್ಡವರು, ದಾಳವನ್ನು ಉರುಳಿಸುವ ಮೊದಲು ಹಣೆಗೆ ಒತ್ತಿಕೊಳ್ಳುವವರು. ಕಥೆ ನಡೆಸುವವಳು ನಾನು. ಮಂತ್ರ ಹಾಕಲು ಬೇಕಾದ ಶಕ್ತಿಗೆ ನಾವು ಹುಣಸೆಬೀಜ ಇಟ್ಟುಕೊಂಡಿದ್ದೇವೆ. ಪ್ರತಿಯೊಬ್ಬರ ಮುಂದೆಯೂ ಒಂದೊಂದು ಸಣ್ಣ ರಾಶಿ, ಮಂತ್ರ ಹಾಕಿದಷ್ಟೂ ಕರಗುತ್ತದೆ, ಪಾತ್ರ ನಿದ್ದೆ ಮಾಡಿ ಎದ್ದರೆ ಮತ್ತೆ ತುಂಬುತ್ತದೆ.

ಈ ಆಟದ ಇಂಗ್ಲಿಷ್ ಪುಸ್ತಕದಲ್ಲಿ ಮಂತ್ರಗಳಿಗೇನೂ ಬರವಿಲ್ಲ. ಆದರೆ ಹಿಮದ ಬಾಣ, ಹಿಮದ ಗೋಡೆ ಅಂತ ಎಷ್ಟು ದಿನ ಆಡುವುದು? ಇಲ್ಲಿ ಹಿಮ ಕಂಡವರು ಯಾರು? ಹಾಗಾಗಿ ನಾನೇ ಕಟ್ಟತೊಡಗಿದೆ. ಮನೆಮಂತ್ರ ಅಂತ ಅವಕ್ಕೆ ಹೆಸರಾಯಿತು. ಜಾಲಿಮುಳ್ಳಿನ ಬೇಲಿ ಎಬ್ಬಿಸುವ ಮಂತ್ರ, ಗುಡ್ಡದ ಮೇಲಿನ ಗಾಳಿಗಿರಣಿಯ ರೆಕ್ಕೆ ನಿಲ್ಲಿಸಿ ಶತ್ರುವಿನ ಉಸಿರು ಕಟ್ಟಿಸುವ ಮಂತ್ರ, ಸತ್ತ ಬಾವಿಯ ನೀರಿನ ಜೊತೆ ಮಾತಾಡುವ ಮಂತ್ರ. ಮಂತ್ರ ಹೊಳೆಯುವುದು ಕಷ್ಟವಲ್ಲ, ತೂಗಿಸುವುದು ಕಷ್ಟ. ಔಷಧಿಯ ಹಾಗೆಯೇ ಅದೂ. ಡೋಸು ಹೆಚ್ಚಾದರೆ ಒಂದೇ ಮಂತ್ರ ಎಲ್ಲ ಯುದ್ಧವನ್ನೂ ಗೆದ್ದುಬಿಡುತ್ತದೆ, ಉಳಿದವರು ಮಂಡಕ್ಕಿ ತಿನ್ನುತ್ತಾ ಕೂರಬೇಕು. ಕಡಿಮೆಯಾದರೆ ಅದನ್ನು ಯಾರೂ ಮುಟ್ಟುವುದಿಲ್ಲ. ಪ್ರತಿಯೊಂದಕ್ಕೂ ಒಂದು ಅಡ್ಡಪರಿಣಾಮ ಇರಲೇಬೇಕು. ನನ್ನ ಮುಳ್ಳುಬೇಲಿ ಹಾಕಿದವರು ಮಾರನೆಯ ದಿನದವರೆಗೆ ಬರಿಗಾಲಲ್ಲಿ ನಡೆಯಬೇಕು. ಇಂಥದ್ದನ್ನೆಲ್ಲ ಕೂರಿಸಲು ತಲೆ ಬೇಕು, ತಾಳ್ಮೆ ಬೇಕು. ಈ ನಾಲ್ಕು ತಾಲ್ಲೂಕಿನಲ್ಲಿ ಆ ಕೆಲಸ ಮಾಡುವವಳು ನಾನೊಬ್ಬಳೇ ಅಂತ ನನಗೆ ಹೆಮ್ಮೆಯಿತ್ತು. ಈಗಲೂ ಇದೆ.

ನಮ್ಮಲ್ಲಿ ಎರಡು ಪದ್ಧತಿ ಬೆಳೆದುಬಂದಿವೆ. ಹೊಸ ಮಂತ್ರವನ್ನು ಮೊದಲು ಪ್ರಯೋಗಿಸುವುದು ಅದನ್ನು ಕಟ್ಟಿದವರ ಮೇಲೆಯೇ. ಹಿಂದೆ ತಮ್ಮ ಒಂದು ಕ್ರೂರವಾದ ಮಂತ್ರ ತಂದಿದ್ದ, ಶತ್ರುವಿನ ಮಂಡಿ ಹಿಂದಕ್ಕೆ ತಿರುಗುವಂಥದ್ದು. ಮೊದಲು ನಿನ್ನ ಮಂಡಿ ತಿರುಗಿಸುತ್ತೇವೆ ಬಾ ಅಂದ ಕೂಡಲೇ ಆಸಾಮಿ ಅದನ್ನು ವಾಪಸು ತಗೊಂಡ. ಅಂದಿನಿಂದ ಈ ಕಟ್ಟಳೆ. ಎರಡನೆಯದು, ಒಂದು ದೊಡ್ಡ ಕಥೆ ಮುಗಿಯುವಾಗ ಕೊನೆಯ ಯುದ್ಧಕ್ಕೆ ಒಂದೇ ಒಂದು ಹೊಸ ಮನೆಮಂತ್ರ. ಎರಡು ಬಂದರೆ ಸ್ಟೀಲ್ ಲೋಟಕ್ಕೆ ಬೀಜ ಹಾಕಿ ಆರಿಸುವುದು. ಇಷ್ಟು ವರ್ಷ ಎರಡನೆಯ ಮಂತ್ರ ಬಂದೇ ಇರಲಿಲ್ಲ, ಯಾಕೆಂದರೆ ತಮ್ಮನ ಆ ಮಂಡಿ ಮಂತ್ರ ಬಿಟ್ಟರೆ ಕಟ್ಟುವವಳು ನಾನೊಬ್ಬಳೇ.

ಈ ಸಲದ ಕಥೆಗೆ ನಾನು ಯುಗಾದಿಯಿಂದಲೂ ಒಂದು ಮಂತ್ರದ ಹಿಂದೆ ಬಿದ್ದಿದ್ದೆ. ನೆರಳು ಬಿತ್ತುವ ಮಂತ್ರ. ನಡು ಮಧ್ಯಾಹ್ನ ಒಂದು ಹಿಡಿ ಕತ್ತಲನ್ನು ಕಾಳಿನ ಹಾಗೆ ಎರಚಿದರೆ ನೆಲದಿಂದ ನೆರಳು ಪೈರಿನಂತೆ ಏಳುತ್ತದೆ, ಅದರೊಳಗೆ ಅಡಗಿಕೊಂಡು ಇಡೀ ಪಡೆ ದಾಟಬಹುದು. ಆದರೆ ಬಿತ್ತಿದವರಿಗೆ ಸೂರ್ಯ ಮುಳುಗುವವರೆಗೆ ತಮ್ಮ ನೆರಳು ಇರುವುದಿಲ್ಲ, ನೆರಳಿಲ್ಲದವರನ್ನು ಗಾಯ ವಾಸಿ ಮಾಡುವವನ ಕೈ ಗುರುತಿಸುವುದಿಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಯ ಕೌಂಟರಿನ ಮೇಲೆ ಮಾತ್ರೆಯ ಖಾಲಿ ಡಬ್ಬಿಗಳನ್ನು ಸೈನ್ಯದಂತೆ ಜೋಡಿಸಿ, ದಾಳ ಉರುಳಿಸಿ, ಬೀಜ ಹೆಚ್ಚಿಸಿ ಇಳಿಸಿ ನೋಡುತ್ತಿದ್ದೆ. ಕೆಮ್ಮಿನ ಔಷಧಿಗೆ ಬಂದವರು ನನ್ನನ್ನು ಒಂಥರಾ ನೋಡಿಕೊಂಡು ಹೋಗುತ್ತಿದ್ದರು.

ಇನ್ನು ನಮ್ಮನೆಯವರ ಸಂಗತಿ. ಅವರದು ಅಡುಗೆ ಕಾಂಟ್ರಾಕ್ಟ್. ಮದುವೆ, ಗೃಹಪ್ರವೇಶ, ನಾಮಕರಣ, ಯಾವುದೇ ಇರಲಿ, ತಾಳ್ಯದಿಂದ ಜವನಗೊಂಡನಹಳ್ಳಿಯವರೆಗೆ ಅವರ ಹೋಳಿಗೆ ಗೊತ್ತಿಲ್ಲದವರು ಕಡಿಮೆ. ಬಾಯಿ ಜೋರು, ನಗು ಇನ್ನೂ ಜೋರು, ಹೋದಲ್ಲೆಲ್ಲ ಅವರ ಸುತ್ತ ನಾಲ್ಕು ಜನ. ನಾನು ಹತ್ತು ವರ್ಷದಿಂದ ಮಾತಾಡಿಸುತ್ತಿರುವ ಗಿರಾಕಿಗಳು ನನ್ನ ಅಂಗಡಿಯಲ್ಲೇ ನಿಂತು ಅವರನ್ನು ಕೇಳುತ್ತಾರೆ. ನನ್ನ ಆಟದ ತಲೆಬುಡ ಅವರಿಗೆ ಗೊತ್ತಿರಲಿಲ್ಲ, ತಕರಾರೂ ಇರಲಿಲ್ಲ. ‘ಹೋಗಿ ರಾಕ್ಷಸರಿಗೆ ನಾಲ್ಕು ಕೊಟ್ಟು ಬಾ’ ಅಂತ ಬಸ್ಸು ಹತ್ತಿಸುತ್ತಿದ್ದರು. ಅಷ್ಟರಲ್ಲಿಯೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಒಂದು ಭಾನುವಾರ ಅವರಿಗೂ ಚಿತ್ರದುರ್ಗದಲ್ಲಿ ಕೆಲಸವಿತ್ತು, ಬೋಗುಣಿಗಳಿಗೆ ಕಲಾಯಿ ಹಾಕಿಸುವುದು. ಪಾತ್ರೆಯ ಗಾಡಿಯಲ್ಲೇ ನನ್ನನ್ನೂ ಕರೆದುಕೊಂಡು ಬಂದರು. ಕಲಾಯಿಯವನು ಸಂಜೆಗೆ ಬನ್ನಿ ಅಂದನಂತೆ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಡ್ರೈವಿಂಗ್ ಸ್ಕೂಲಿಗೆ ಬಂದವರು ಮೂಲೆಯ ಕುರ್ಚಿಯಲ್ಲಿ ಕೂತರು.

ಆಟ ಬಿಸಿಯಾಗಿತ್ತು. ನನ್ನ ಕಥೆಯಲ್ಲಿ ಒಬ್ಬಳು ರಾಕ್ಷಸ ರಾಣಿ ಇದ್ದಳು, ಒಂದು ಊರನ್ನೇ ಸೆರೆ ಹಿಡಿದವಳು. ಅವಳ ದಂಡು ಸರ್ಕಲ್ಲಿನ ನಾಲ್ಕೂ ಕಡೆಯಿಂದ ನಮ್ಮ ಮೂವರನ್ನು ಮುತ್ತಿತ್ತು. ಗೆಳತಿಯ ಮುಂದೆ ಉಳಿದಿದ್ದ ಬೀಜ ಒಂದೇ. ಮೇಷ್ಟ್ರು ದಾಳವನ್ನು ಹಣೆಗೆ ಒತ್ತಿಕೊಂಡು ಕೂತಿದ್ದರು. ಆಗ ಮೂಲೆಯಿಂದ ನಮ್ಮನೆಯವರು ಕೇಳಿದರು:

‘ಅವರನ್ನೆಲ್ಲ ಊಟಕ್ಕೆ ಕರೀಬೌದಲ್ಲ?’

ಯಾರಿಗೂ ತಿಳಿಯಲಿಲ್ಲ. ಅವರು ಮೆಣಸಿನಕಾಯಿಯ ತೊಟ್ಟು ಪೊಟ್ಟಣದಲ್ಲಿಟ್ಟು ಎದ್ದು ಬಂದರು.

‘ಅಲ್ಲಪ್ಪ, ಇದೂ ಒಂದು ಮಂತ್ರ ಆಗಬೌದು. ಬರ್ರಿ, ಎಲೆ ಹಾಕೈತೆ ಅಂತ ಕೂಗದು. ಕೂಗಿದ ಮೇಲೆ ಎಲ್ಲರೂ ಕತ್ತಿ ಕೆಳಗಿಟ್ಟು, ಕೈ ತೊಳ್ಕಂಡು, ಸಾಲಾಗಿ ಕುಂತ್ಕಬೇಕು. ರಾಕ್ಷಸರೂ ಅಷ್ಟೇ. ಎಲೆ ಮಡಚೋ ತನಕ ಯಾರೂ ಯಾರ ಮೇಲೂ ಕೈ ಎತ್ತಂಗಿಲ್ಲ.’

ನನ್ನ ಗೆಳತಿ ಮೇಜು ಗುದ್ದಿದಳು. ‘ಅಣ್ಣಾರೇ, ಇಷ್ಟು ದಿನ ಎಲ್ಲಿದ್ರಿ ನೀವು?’ ಅಂದಳು. ತಮ್ಮ ‘ಭಾವ, ಈ ಕುರ್ಚಿ ಇಲ್ಲಿ ಎಳ್ಕಳ್ರಿ’ ಅಂದ. ಮೇಷ್ಟ್ರು ದಾಳ ಕೆಳಗಿಟ್ಟು ನಕ್ಕರು, ಅವರು ನಕ್ಕಿದ್ದನ್ನು ನಾನು ಆ ಮೇಜಿನ ಸುತ್ತ ಅಷ್ಟಾಗಿ ನೋಡಿರಲಿಲ್ಲ. ನನ್ನ ಗಾಳಿಗಿರಣಿ ಮಂತ್ರ ಓದಿದಾಗ ಅವರು ‘ಚೆನ್ನಾಗೈತಮ್ಮ’ ಅಂದಿದ್ದರು. ಅಷ್ಟೇ.

ನನಗೆ ಆದದ್ದನ್ನು ಹೇಳಿಬಿಡುತ್ತೇನೆ. ಆ ಮಂತ್ರ ಒಳ್ಳೆಯದು ಅಂತ ನನಗೆ ಅವರೆಲ್ಲರಿಗಿಂತ ಮೊದಲೇ ಗೊತ್ತಾಯಿತು. ಬಾಯಿಂದ ಬಂದ ಕ್ಷಣವೇ ಗೊತ್ತಾಯಿತು. ಅದಕ್ಕೇ ಅಷ್ಟು ಉರಿಯಿತು. ಕೆಟ್ಟದ್ದಾಗಿದ್ದರೆ ನಗುನಗುತ್ತಾ ಸೇರಿಸಿಕೊಳ್ಳುತ್ತಿದ್ದೆ. ಯುಗಾದಿಯಿಂದ ನಾನು ಡಬ್ಬಿ ಜೋಡಿಸಿ ಜೋಡಿಸಿ ಕಟ್ಟಿದ್ದು ಒಂದು ಕಡೆ, ಈ ಮನುಷ್ಯ ಮಂಡಕ್ಕಿ ಮೆಲ್ಲುತ್ತಾ ಉದುರಿಸಿದ್ದು ಇನ್ನೊಂದು ಕಡೆ. ‘ಇವತ್ತಿನ ಯುದ್ಧಕ್ಕೆ ಆಗಲ್ಲ, ಹೊಸ ಮಂತ್ರ ತೂಗಿಸಿ ಆದ ಮೇಲೇ ಸೇರಬೇಕು’ ಅಂತ ಹೇಳಿದೆ. ರಾತ್ರಿ ಬಿತ್ತು, ರಾಣಿಯ ದಂಡು ಹಿಂದೆ ಸರಿಯಿತು ಅಂತ ಅವತ್ತಿನ ಆಟ ನಿಲ್ಲಿಸಿದೆ.

ವಾಪಸು ಬರುವಾಗ ಗಾಡಿಯ ಹಿಂದೆ ಕಲಾಯಿ ಹಾಕಿದ ಬೋಗುಣಿಗಳು ಕಣಕಣ ಅನ್ನುತ್ತಿದ್ದವು. ಅವರು ಹಾಡು ಗುನುಗುತ್ತಿದ್ದರು. ‘ಬರೀ ತಮಾಷೆಗೆ ಅಂದೆ ಕಣೇ’ ಅಂತ ಒಂದು ಮಾತು ಬರುತ್ತದೇನೋ ಅಂತ ಕಾದೆ. ಬರಲಿಲ್ಲ. ಭೀಮಸಮುದ್ರದ ತಿರುವು ದಾಟುವಾಗ ‘ಮಂತ್ರ ಚೆನ್ನಾಗಿ ಬಂತು ಅಲ್ಲ?’ ಅಂದರು. ಕಿಟಕಿಯ ಕಡೆ ಮುಖ ತಿರುಗಿಸಿದೆ.

ಆ ವಾರವೆಲ್ಲ ನಾನು ಆ ಮಂತ್ರದ ತಪ್ಪು ಹುಡುಕುವುದರಲ್ಲೇ ಕಳೆದೆ. ನನ್ನ ಮಂತ್ರವನ್ನೂ ನಾನು ಅಷ್ಟು ಶ್ರದ್ಧೆಯಿಂದ ನೋಡಿರಲಿಲ್ಲ. ತಪ್ಪುಗಳಿದ್ದವು, ಬೇಕಾದಷ್ಟಿದ್ದವು. ಒಂದು ಬೀಜಕ್ಕೆ ಇಡೀ ದಂಡು ಕೂರುತ್ತದೆ ಅಂದರೆ ಇನ್ನು ಯಾರು ಕತ್ತಿ ಎತ್ತುತ್ತಾರೆ? ಎಲೆ ಮಡಚುವ ತನಕ ಅಂದರೆ ಎಷ್ಟು ಹೊತ್ತು? ಬೇಕೆಂತಲೇ ನಿಧಾನಕ್ಕೆ ತಿನ್ನುವವನೊಬ್ಬ ಸಾಲಿನಲ್ಲಿದ್ದರೆ? ಅವನು ಅನ್ನ ಹಾಕಿಸಿಕೊಳ್ಳುತ್ತಲೇ ಇದ್ದರೆ ಯುದ್ಧ ಮುಗಿಯುವುದೇ ಇಲ್ಲ. ನಮ್ಮನೆಯವರು ಕಣಕ ನಾದುತ್ತಿರುವಾಗ ಎದುರಿಗೆ ನಿಂತು ಒಂದೊಂದನ್ನೇ ಎತ್ತಿ ಹಾಕಿದೆ.

‘ಅದಕ್ಕೇನು’ ಅಂದರು. ‘ಆಟದ ಒಂದೊಂದು ಸುತ್ತಿಗೂ ಒಂದೊಂದು ಬಡಿಸದು ಅಂತ ಇಡು. ಕೋಸಂಬರಿ ಒಂದು ಸುತ್ತು, ಹೋಳಿಗೆ ಒಂದು, ಅನ್ನ ಸಾರು ಒಂದು. ಮಜ್ಜಿಗೆ ಬಂತು ಅಂದ್ರೆ ಮುಗೀತು. ಮಜ್ಜಿಗೆ ಆದ ಮೇಲೆ ಮತ್ತೆ ಅನ್ನ ಕೇಳೋನು ಮನುಷ್ಯನೇ ಅಲ್ಲ.’

ಅವರು ತಲೆಯನ್ನೂ ಎತ್ತದೆ ಹೇಳಿದರು. ಕಾಲದ ಲೆಕ್ಕ ಸರಿಯಾಗಿ ಕೂತಿತು. ನನಗೆ ಇನ್ನಷ್ಟು ಸಿಟ್ಟು ಬಂತು.

ಅದರ ನಿಜವಾದ ತಪ್ಪು ಹೊಳೆದದ್ದು ಆಮೇಲೆ. ಮಾರನೆಯ ದಿನ ಅಂಗಡಿಗೆ ಒಂದು ಅಜ್ಜಿ ಬಂದಿತ್ತು. ಕಾಲು ನೋವು, ನಿಲ್ಲಲು ಆಗದು. ‘ಕುಂತ್ಕ ಅಜ್ಜಿ’ ಅಂದೆ. ‘ಬ್ಯಾಡವ್ವ’ ಅಂತು. ‘ಕುಂತ್ಕಳಜ್ಜಿ, ಸ್ಟೂಲ್ ಐತೆ’ ಅಂದೆ. ‘ಇರ್ಲಿ ಬಿಡವ್ವ’ ಅಂತು. ರಟ್ಟೆ ಹಿಡಿದು ಎಳೆದ ಮೇಲೆ ಕೂತು, ಆಹಾ ಅಂತ ಉಸಿರು ಬಿಟ್ಟಿತು. ಕೂರಬೇಕು ಅಂತ ಅಜ್ಜಿಗೆ ಮೊದಲಿನಿಂದಲೂ ಆಸೆ ಇತ್ತು. ಆದರೆ ಒಂದೇ ಸಲ ಕರೆದದ್ದಕ್ಕೆ ಕೂತರೆ ಜನ ಏನಂದಾರು? ನಮ್ಮ ಕಡೆ ಒಂದೇ ಕರೆಗೆ ಯಾರು ಊಟಕ್ಕೆ ಏಳುತ್ತಾರೆ? ‘ನಮ್ಮದೀಗ ಆಯ್ತು’ ಅನ್ನಬೇಕು. ಇನ್ನೊಂದು ಸಲ ಕರೆದರೆ ‘ಹಸಿವಿಲ್ಲ’ ಅನ್ನಬೇಕು. ಮೂರನೆಯ ಸಲ ಕೈ ಹಿಡಿದು ಎಳೆದರೆ ಮಾತ್ರ, ಅವರ ಬಲವಂತಕ್ಕೆ ಬಂದೆ ಅನ್ನುವ ಮುಖ ಮಾಡಿಕೊಂಡು ಏಳುವುದು. ಮನುಷ್ಯರೇ ಹೀಗಾದರೆ ರಾಕ್ಷಸ ರಾಣಿ ಒಂದು ಕೂಗಿಗೆ ಬಂದು ಎಲೆಯ ಮುಂದೆ ಕೂರುತ್ತಾಳಾ?

ಅಲ್ಲಿಗೆ ಮಂತ್ರದ ಕಥೆ ಮುಗಿಯಿತು ಅಂದುಕೊಂಡೆ. ನಿಯಮ ಬರೆದೆ: ಮೂರು ಸಲ ಕರೆಯಬೇಕು. ಪ್ರತಿ ಕರೆಗೂ ಒಂದು ಬೀಜ, ಒಂದು ಸುತ್ತು. ಕರೆಯುವವರು ಆ ಹೊತ್ತಿನಲ್ಲಿ ಬೇರೇನೂ ಮಾಡುವಂತಿಲ್ಲ, ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಮೂರನೆಯ ಕರೆಗೆ ಶತ್ರುವಿನ ಹತ್ತಿರ ಹೋಗಿ ಕೈ ಹಿಡಿಯಬೇಕು. ಎರಡು ಸಲ ಕರೆದು ನಿಲ್ಲಿಸಿದರೆ ಬಾಯುಪಚಾರಕ್ಕೆ ಕರೆದಂತಾಯಿತು, ಶತ್ರುವಿನ ಸಿಟ್ಟು ದುಪ್ಪಟ್ಟು. ಇಷ್ಟು ಹೊರೆ ಹೊರಿಸಿದರೆ ಯಾರು ಮುಟ್ಟುತ್ತಾರೆ ಅಂತ ಖುಷಿಯಾಗಿ ಬರೆದೆ. ಆ ರಾತ್ರಿ ನಿದ್ದೆಯೂ ಚೆನ್ನಾಗಿ ಬಂತು.

ಮುಂದಿನ ಭಾನುವಾರ ನಾನು ಕರೆಯದೆಯೇ ಅವರು ನನ್ನ ಜೊತೆ ಹೊರಟರು. ಕಲಾಯಿಗೆ ಇನ್ನೇನೂ ಇರಲಿಲ್ಲ. ‘ನಮ್ಮ ಮಂತ್ರ ಏನಾಯ್ತು ನೋಡಾಣ’ ಅಂದರು. ನಮ್ಮ ಮಂತ್ರವಂತೆ.

ನಿಯಮ ಓದಿದೆ. ಸಪ್ಪೆ ಮುಖಗಳನ್ನು ನಿರೀಕ್ಷಿಸಿದ್ದೆ. ನನ್ನ ಗೆಳತಿಯ ಕಣ್ಣು ಅರಳಿತು. ‘ಅಯ್ಯೋ, ಎರಡು ಸಲ ಬೇಡ ಅಂತಾಳೆ, ಅಷ್ಟರಲ್ಲಿ ಇತ್ಲಾಗೆ ಹೊಡೆತ ಬೀಳ್ತಿರುತ್ತೆ’ ಅಂತ ಕುರ್ಚಿಯ ತುದಿಗೆ ಬಂದಳು. ಮೇಷ್ಟ್ರು, ‘ಈಗ ಪೂರ್ತಿ ಆಯ್ತು ನೋಡ್ರಿ ಮಂತ್ರ’ ಅಂದರು. ಅಂದದ್ದು ನನಗಲ್ಲ, ನಮ್ಮನೆಯವರ ಭುಜ ತಟ್ಟಿ.

ಕಟ್ಟಳೆಯ ಪ್ರಕಾರ ಮೊದಲ ಪ್ರಯೋಗ ಕಟ್ಟಿದವರ ಮೇಲೆ. ಅವರಿಗೆ ಪಾತ್ರವೇ ಇರಲಿಲ್ಲ, ಕೂಡಲೇ ಒಂದು ಹುಟ್ಟಿಸಿಕೊಂಡರು: ಸೌಟು ಹಿಡಿದ ಅಡುಗೆಯವನು. ಹಲಗೆಯ ಮೇಲೆ ಒಂದು ಹಳದಿ ಕಾರು ಇಟ್ಟೆವು. ಗೆಳತಿ ಒಂದು ಬೀಜ ಮುಂದೆ ಸರಿಸಿ, ‘ಬರ್ರಿ ಅಣ್ಣಾರೇ, ಎಲೆ ಹಾಕೈತೆ’ ಅಂದಳು.

‘ಬಂದೆ’ ಅಂದು ಅವರು ಎದ್ದೇಬಿಟ್ಟರು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಮಾತ್ರ ನಗಲಿಲ್ಲ. ‘ರೀ, ಬೇಡ ಅನ್ರಿ. ಎರಡು ಸಲ ಬೇಡ ಅನ್ನಬೇಕು, ನಿಯಮ ಐತೆ’ ಅಂದೆ.

‘ಹೆಂಗೆ ಬೇಡ ಅನ್ಲಿ? ಅಡುಗೆಯೋರನ್ನ ಯಾರು ಊಟಕ್ಕೆ ಕರೀತಾರೆ? ಅಪರೂಪಕ್ಕೆ ಕರೆದವ್ರೆ, ಬಿಡ್ಲಾ?’

ಮತ್ತೆ ನಗು. ನನ್ನ ಇಡೀ ವಾರದ ಲೆಕ್ಕವನ್ನು ಈ ಮನುಷ್ಯ ಒಂದು ‘ಬಂದೆ’ಯಲ್ಲಿ ಮುರಿದುಹಾಕಿದ್ದರು, ಅದಕ್ಕೂ ಅವರಿಗೇ ಚಪ್ಪಾಳೆ. ‘ಅಡುಗೆಯವರಿಗೆ ಒಂದೇ ಕರೆ ಸಾಕು’ ಅಂತ ಆ ನಿಯಮದ ಕೆಳಗೆ ತಮ್ಮ ಬರೆದು ಸೇರಿಸಿದ. ನನ್ನನ್ನು ಕೇಳಲೂ ಇಲ್ಲ.

ಲೋಟ ತಂದು ಬೀಜ ಹಾಕಿದೆವು. ಒಂದು ಲೋಟ ನೆರಳಿಗೆ, ಒಂದು ಊಟಕ್ಕೆ. ನನ್ನ ನೆರಳಿನ ಲೋಟದಲ್ಲಿ ಒಂದೇ ಬೀಜ ಇತ್ತು. ಅದನ್ನು ಹಾಕಿದವಳು ನಾನೇ. ಅಂದರೆ ಕಟ್ಟಿಕೊಂಡ ಗಂಡನೂ ಬೀಜವನ್ನು ಊಟದ ಲೋಟಕ್ಕೇ ಹಾಕಿದ್ದರು. ಅದನ್ನು ನಾನು ಮನಸ್ಸಿನಲ್ಲಿಟ್ಟುಕೊಂಡೆ.

ಕೊನೆಯ ಯುದ್ಧವನ್ನು ನಾನು ನಡೆಸಿದ ಹಾಗೆ ಇನ್ಯಾರೂ ನಡೆಸಲಾರರು, ಇದನ್ನಾದರೂ ಹೇಳಿಕೊಳ್ಳಲು ಬಿಡಿ. ರಾಣಿಯ ಮಾತೆಲ್ಲ ನನ್ನದು. ಗೆಳತಿ ಮೊದಲ ಬೀಜ ಇಟ್ಟು ಕರೆದಳು. ‘ನಂದಾಯ್ತು, ನೀವು ಮಾಡ್ರಿ’ ಅಂದೆ, ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗಿತ್ತಿಯ ಗಂಟಲಿನಲ್ಲಿ. ಅಷ್ಟರಲ್ಲಿ ಕೆಂಪು ಕಾರು ಬಂದು ಮೇಷ್ಟ್ರನ್ನು ಸುಟ್ಟಿತು. ಎರಡನೆಯ ಕರೆ. ‘ಹಸಿವೇ ಇಲ್ಲ’ ಅಂದೆ. ತಮ್ಮನ ಕತ್ತಿ ಮುರಿಯಿತು. ಕೊನೆಯ ಬೀಜ ಹಿಡಿದು ಗೆಳತಿ ಜೀಬ್ರಾ ಪಟ್ಟೆ ದಾಟಿ ಬಂದು, ಮೇಜಿನ ಮೇಲಿಂದ ಬಗ್ಗಿ, ನಿಜವಾಗಿಯೂ ನನ್ನ ಕೈ ಹಿಡಿದಳು. ‘ಬಾರೇ ತಾಯಿ, ಎಷ್ಟು ಸಲ ಕರೀಬೇಕು’ ಅಂದಳು. ರಾಣಿ ಕೂತಳು. ಕೋಸಂಬರಿ, ಹೋಳಿಗೆ, ಅನ್ನ ಸಾರು ಬಡಿಸುವಷ್ಟರಲ್ಲಿ ಸೆರೆಯಲ್ಲಿದ್ದ ಊರಿನವರೆಲ್ಲ ಹಿಂಬಾಗಿಲಿನಿಂದ ಹೊರಗೆ ನಡೆದುಹೋದರು. ಮಜ್ಜಿಗೆ ಬರುವ ಹೊತ್ತಿಗೆ ಗೆದ್ದಾಗಿತ್ತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

ನನ್ನ ಮೂರು ಕರೆ ಇಲ್ಲದೆ ಹೋಗಿದ್ದರೆ ಇದರಲ್ಲಿ ಏನಿತ್ತು? ಒಂದು ಬೀಜ, ಒಂದು ಕೂಗು, ಎಲ್ಲರೂ ಕೂತರು, ಮುಗಿಯಿತು. ಮಂತ್ರವನ್ನು ಕೊಲ್ಲಲು ನಾನು ಹಾಕಿದ ಭಾರವೇ ಅದಕ್ಕೆ ಜೀವ ಕೊಟ್ಟಿತು, ಆದರೆ ಹೆಸರು ಮಾತ್ರ ಅವರಿಗೆ ಹೋಯಿತು. ವಾಟ್ಸಾಪಿನಲ್ಲಿ ಬೇರೆ ಊರಿನ ಆಟಗಾರರೂ ಕೇಳಿ ತರಿಸಿಕೊಂಡರು. ‘ಹೊಳಲ್ಕೆರೆ ಅಡುಗೆಯವರ ಮಂತ್ರ’ ಅಂತ ಅದು ಓಡಾಡಿತು. ಮೂರು ಕರೆಯ ನಿಯಮ ಅದರೊಳಗೇ ಇತ್ತು, ಅದನ್ನು ಯಾರು ಹಾಕಿದರು ಅಂತ ಯಾರೂ ಕೇಳಲಿಲ್ಲ. ಮೊದಲಿನಿಂದಲೂ ಇದ್ದದ್ದು ಅಂತಲೇ ಎಲ್ಲರ ನಂಬಿಕೆ. ಮನೆಯಲ್ಲಿ ನಾನು ಸಾರಿಗೆ ಉಪ್ಪು ಹೆಚ್ಚಾಯಿತು ಅಂತ ಅವರ ಅಡುಗೆಗೆ ಹೆಸರಿಡತೊಡಗಿದೆ. ಹೆಚ್ಚಾಗಿರಲಿಲ್ಲ.

ಮಾಘದಲ್ಲಿ ಹೊಸದುರ್ಗದ ಮೇಷ್ಟ್ರ ಮನೆಯ ಗೃಹಪ್ರವೇಶ. ಅಡುಗೆ ನಮ್ಮನೆಯವರದೇ. ಅವರು ಹಿಂದಿನ ದಿನವೇ ಪಾತ್ರೆ ಸಮೇತ ಹೋಗಿದ್ದರು, ನಾನು ಬೆಳಗಿನ ಬಸ್ಸಿಗೆ ಹೋದೆ. ಗೆಳತಿ, ತಮ್ಮ ಎಲ್ಲ ಬಂದಿದ್ದರು. ಮೇಷ್ಟ್ರು ನೆಂಟರಿಗೆಲ್ಲ ನಮ್ಮ ಆಟದ ಕಥೆ ಹೇಳಿಟ್ಟಿದ್ದರು. ಹೋಳಿಗೆಯ ಬುಟ್ಟಿ ಹಿಡಿದು ಹೊರಗೆ ಬಂದ ನಮ್ಮನೆಯವರನ್ನು ಬಾಗಿಲಲ್ಲೇ ನಿಲ್ಲಿಸಿ, ‘ಇವರೇ ನೋಡ್ರಿ ಆ ಮಂತ್ರ ಕಟ್ಟಿದೋರು’ ಅಂತ ತಮ್ಮ ಬೀಗರಿಗೆ ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿ, ‘ಇವರು ಅವರ ಮನೆಯವರು’ ಅಂದರು.

ಅವರ ಮನೆಯವರು. ಹಲಗೆ ಹೊಂದಿಸಿ, ರಾಣಿಯನ್ನು ಹುಟ್ಟಿಸಿ, ಊರು ಕಟ್ಟಿ, ಊರಿಗೆ ಬಾವಿ ತೋಡಿಸಿದ ನಾನು, ಅವರ ಮನೆಯವರು. ಬೀಗರು ನನಗೆ ಕೈ ಮುಗಿದರು, ನಾನೂ ಮುಗಿದೆ. ಹೊಟ್ಟೆಯೊಳಗೆ ಒಗ್ಗರಣೆ ಚಟಪಟ ಅನ್ನುತ್ತಿತ್ತು.

ಪಂಕ್ತಿಯ ಮೇಲೆ ಪಂಕ್ತಿ ಎದ್ದವು. ನಾನು ಯಾವುದರಲ್ಲೂ ಕೂರಲಿಲ್ಲ. ಇವತ್ತು ಇವರ ಜೊತೆ ಒಂದು ಇತ್ಯರ್ಥ ಆಗಲೇಬೇಕು ಅಂತ ಮನೆಯ ಹಿಂದಕ್ಕೆ ಹೋದೆ. ಶಾಮಿಯಾನದ ಕೆಳಗೆ ಒಲೆ ಆರಿಸಿದ್ದರು. ಅವರು ಬೋರಲು ಹಾಕಿದ ಒಂದು ಕೊಳಗದ ಮೇಲೆ ಕೂತು, ಕೊನೆಯ ಪಂಕ್ತಿಗೆ ಹೋಗುತ್ತಿದ್ದ ಬಕೆಟ್ಟುಗಳನ್ನು ನೋಡುತ್ತಿದ್ದರು. ಮೈದಾ ಹತ್ತಿದ ಕೈ ಮೊಣಕಾಲ ಮೇಲಿತ್ತು. ಆ ಕೈ ತೊಳೆದಿರಲಿಲ್ಲ. ಅಂದರೆ ಬೆಳಗಿನಿಂದ ಏನೂ ತಿಂದಿರಲಿಲ್ಲ. ಕೆಲಸ ಇರುವ ದಿನ ಅವರು ಸೌಟಿನಲ್ಲಿ ಒಂದಿಷ್ಟು ಮೊಸರನ್ನ ತಗೊಂಡು ನಿಂತೇ ಮುಗಿಸುವುದು ನನಗೆ ಗೊತ್ತಿತ್ತು. ಮದುವೆಯಾದಾಗಿನಿಂದ ಗೊತ್ತಿತ್ತು. ಅಡುಗೆಯವರನ್ನು ಯಾರು ಕರೀತಾರೆ ಅಂತ ಅವತ್ತು ಎಲ್ಲರ ಮುಂದೆ ಹೇಳಿ ನಗಿಸಿದ್ದು ಆಗ ನೆನಪಾಯಿತು.

ಜಗಳ ತೆಗೆಯಲು ಬಾಯಿ ತೆರೆದಿದ್ದೆ. ಬಂದ ಮಾತು ಬೇರೆ.

‘ಬರ್ರಿ, ಎಲೆ ಹಾಕೈತೆ’ ಅಂದೆ.

ಒಂದೇ ಕರೆಗೆ ಎದ್ದುಬಿಡುತ್ತಾರೆ, ಅಡುಗೆಯವರ ನಿಯಮವಲ್ಲವೇ, ಅಂದುಕೊಂಡಿದ್ದೆ. ಅವರು ತಲೆ ಎತ್ತಿ ನನ್ನನ್ನು ನೋಡಿದರು.

‘ನಂದಾಯ್ತು ಕಣೇ. ನೀನು ಮಾಡು ಹೋಗು.’

ಸುಳ್ಳು. ಕಣ್ಣೆದುರಿಗೆ ಸುಳ್ಳು. ‘ಬರ್ರಿ ಅಂದ್ರೆ’ ಅಂದೆ, ಸ್ವಲ್ಪ ಜೋರಾಗಿ. ಪಾತ್ರೆ ತೊಳೆಯುತ್ತಿದ್ದವರು ತಿರುಗಿ ನೋಡಿದರು.

‘ಹಸಿವಿಲ್ಲ.’

ಆಗ ಅವರ ಮೀಸೆಯ ಕೆಳಗೆ ಏನೋ ಅಲುಗಿದ್ದನ್ನು ಕಂಡೆ. ಹತ್ತಿರ ಹೋಗಿ ಆ ಮೈದಾ ಕೈಯನ್ನೇ ಹಿಡಿದು ಎಳೆದೆ. ‘ಏಳ್ರಿ ಮೇಲೆ, ಸಾಕು ನಾಟ್ಕ’ ಅಂದೆ. ಎದ್ದರು. ಬಲವಂತಕ್ಕೆ ಬಂದವರ ಮುಖ ಮಾಡಿಕೊಂಡೇ ಎದ್ದರು. ತೊಟ್ಟಿಯ ಹತ್ತಿರ ಕೈ ತೊಳೆಯುತ್ತಾ, ನನ್ನ ಕಡೆ ನೋಡದೆ ಹೇಳಿದರು:

‘ನಿಂದೇ ಸರಿ. ಒಂದು ಸಲ ಕರೆದು ಬಿಟ್ರೆ ಏನೂ ಅನ್ನಿಸಲ್ಲ. ಆ ಮಂತ್ರ ನಿಂತಿರದೇ ನಿನ್ನ ಮೂರು ಕರೆ ಮೇಲೆ.’

‘ಇದನ್ನ ಒಳಗೆ ಬಂದು ಮೇಷ್ಟ್ರ ಮುಂದೆ ಹೇಳ್ರಿ’ ಅಂದೆ.

‘ಮೊದ್ಲು ಊಟ’ ಅಂದರು.

ಕೊನೆಯ ಪಂಕ್ತಿಯ ತುದಿಯಲ್ಲಿ ಇಬ್ಬರೂ ಅಕ್ಕಪಕ್ಕ ಕೂತೆವು. ಅವರದೇ ಹೋಳಿಗೆಯನ್ನು ಅವರ ಎಲೆಗೆ ಬೇರೆಯವರು ಬಡಿಸಿದರು. ಎಲೆ ಮಡಚುವ ತನಕ ಕೈ ಎತ್ತುವಂತಿಲ್ಲ, ಅದು ನಿಯಮ, ನಾನು ಮಾತೂ ಎತ್ತಲಿಲ್ಲ. ಆದರೆ ಮಡಚಿದ ಕೂಡಲೇ ಕೇಳಬೇಕು ಅಂತ ಒಂದು ಪ್ರಶ್ನೆಯನ್ನು ತುಟಿಯ ತುದಿಯಲ್ಲೇ ಇಟ್ಟುಕೊಂಡು ಕೂತಿದ್ದೆ: ನನ್ನ ನೆರಳಿನ ಲೋಟಕ್ಕೆ ನಿಮ್ಮ ಬೀಜ ಯಾಕೆ ಬೀಳಲಿಲ್ಲ?

ಅವರಿಗೆ ಅದು ಹೇಗೋ ಗೊತ್ತಾಗಿತ್ತು. ಮಜ್ಜಿಗೆ ಬಂದು ಹೋದ ಮೇಲೆ, ಬಡಿಸುವವರನ್ನು ಕರೆದು, ಮತ್ತೆ ಅನ್ನ ಹಾಕಿಸಿಕೊಂಡರು.